ಡೈ ಮಾಡಿದವನ ಹೇಳಿಕೆ

ಹರಿಹರ
೬ ನವೆಂಬರ್ ೨೦೨೪, ಬುಧವಾರ

ಮಗಳೇ ಯಶೋದಾ,

ಹೇಗಿದ್ದೀಯಮ್ಮ? ಬಲ ಹೆಗಲಿನ ನೋವು ಇಳಿಯಿತೇ? ಹೊಸಪೇಟೆಯ ಬಿಸಿಲಲ್ಲಿ ಮಕ್ಕಳನ್ನು ಮೈದಾನದಲ್ಲಿ ಓಡಿಸುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ವಸತಿ ಶಾಲೆಯ ಊಟ ಹೊಟ್ಟೆಗೆ ಹಿಡಿಯುತ್ತಿದೆಯೇ? ನಿಮ್ಮವ್ವ ದಿನಕ್ಕೆ ಮೂರು ಸಲ ಇದನ್ನೇ ನನ್ನನ್ನು ಕೇಳುತ್ತಾಳೆ, ನಾನೇನೋ ಈಗ ತಾನೇ ನಿನ್ನನ್ನು ನೋಡಿ ಬಸ್ಸಿಳಿದು ಬಂದವನ ಹಾಗೆ. ಅವಳ ಮೊಣಕಾಲು ಹಾಗೆಯೇ ಇದೆ. ನೆಲಕ್ಕೆ ಕೂತು ರೊಟ್ಟಿ ತಟ್ಟಬೇಡ ಎಂದು ಡಾಕ್ಟರು ಹೇಳಿದ್ದಾರೆ, ಅವಳು ನೆಲಕ್ಕೆ ಕೂತೇ ತಟ್ಟುತ್ತಾಳೆ. ನಾನು ಗಟ್ಟಿಯಾಗಿದ್ದೇನೆ. ಬಿ.ಪಿ. ಗುಳಿಗೆ ತಪ್ಪಿಸಿಲ್ಲ. ಆದರೆ ನಿನ್ನೆಯಿಂದ ಆ ಗುಳಿಗೆಗೂ ನನ್ನ ಸಿಟ್ಟಿಗೂ ಕುಸ್ತಿ ನಡೆದಿದೆ, ಗುಳಿಗೆ ಸೋಲುತ್ತಿದೆ. ನಿನಗೆ ಹದಿನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಕಾಗದ. ಇದನ್ನು ಅರ್ಧಕ್ಕೆ ಕಟ್ ಮಾಡಲು ಆಗುವುದಿಲ್ಲ. ಮಡಿಸಿಟ್ಟರೂ ನಾನು ಒಳಗೆ ಮಾತಾಡುತ್ತಲೇ ಇರುತ್ತೇನೆ.

ನಿನ್ನೆ ನಿಮ್ಮವ್ವ ಬಾಯಿಬಿಟ್ಟಳು. "ಅಪ್ಪಗೆ ಹೇಳಬ್ಯಾಡ" ಎಂದು ನೀನು ಅವಳ ಹತ್ತಿರ ಆಣೆ ಹಾಕಿಸಿಕೊಂಡಿದ್ದೆಯಂತೆ. ಐದು ದಿನ ತಡೆದುಕೊಂಡಳು, ಪಾಪ. ನಿನ್ನೆ ರೊಟ್ಟಿ ಹಂಚಿನ ಮೇಲೆ ಸೀಯುತ್ತಿದ್ದರೂ ನೋಡದೆ ಕೂತಿದ್ದಳು. ಏನಾಯಿತೇ ಎಂದೆ. "ಏನೂ ಆಗಿಲ್ಲ ಬಿಡ್ರಿ" ಎಂದಳು, ಎರಡು ನಿಮಿಷಕ್ಕೆಲ್ಲ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಎಲ್ಲವನ್ನೂ ಹೇಳಿದಳು. ದಾವಣಗೆರೆಯ ರೈಫಲ್ ಕ್ಲಬ್ಬಿನ ಅಧ್ಯಕ್ಷ ಗುರುಮೂರ್ತಿ ನಿನಗೊಂದು ಕಾಗದ ಟೈಪು ಮಾಡಿಸಿ ಕಳಿಸಿದ್ದಾನೆ. "ಕ್ಲಬ್ಬಿನ ಗಮನಕ್ಕೆ ತಾರದೆ, ಹೊರಗಿನ ಅನಧಿಕೃತ ಡೈ ಬಳಸಿ ಸಿದ್ಧಪಡಿಸಿದ ತೋಟಾಗಳನ್ನು ಸ್ಪರ್ಧೆಗೆ ತಂದದ್ದು ನನ್ನ ನಿರ್ಲಕ್ಷ್ಯ." ಇದಕ್ಕೆ ನೀನು ಸೋಮವಾರ, ಹನ್ನೊಂದನೇ ತಾರೀಖಿನೊಳಗೆ ಸಹಿ ಹಾಕಬೇಕು. ಹಾಕಿದರೆ ಎರಡು ವರ್ಷ ನೀನು ಬಂದೂಕು ಮುಟ್ಟುವಂತಿಲ್ಲ, ಹದಿನಾರನೇ ತಾರೀಖು ಬೆಂಗಳೂರಿನಲ್ಲಿ ನಡೆಯುವ ರಾಜ್ಯ ತಂಡದ ಆಯ್ಕೆಗೆ ಹೋಗುವಂತಿಲ್ಲ. ಹಾಕದಿದ್ದರೆ? "ನಿಮ್ಮಪ್ಪನ ಮೇಲೆ ಆರ್ಮ್ಸ್ ಆಕ್ಟ್ ಬೀಳ್ತೈತೆ ನೋಡವ್ವ, ಈ ವಯಸ್ಸಿನಾಗ ಬೇಕೇನು?" ಇದು ಆ ದೊಡ್ಡ ಮನುಷ್ಯನ ಮಾತು. ನೀನು ಸಹಿ ಹಾಕಲು ಒಪ್ಪಿದ್ದೀಯ. ನನ್ನನ್ನು ಉಳಿಸಲು! ಯಾರು ಕೇಳಿದರು ನಿನ್ನನ್ನು?

ಬೈಯಬಾರದು ಎಂದುಕೊಂಡೇ ಬರೆಯಲು ಕೂತೆ, ಆಗುತ್ತಿಲ್ಲ. ಕೇಳು. ಈ ಕಾಗದವನ್ನು ನಾಳೆ ನೀನು ಯಾರಿಗಾದರೂ ತೋರಿಸಬೇಕಾಗಿ ಬರಬಹುದು. ನಿನಗೆ ಗೊತ್ತಿರುವುದನ್ನೂ ಅದಕ್ಕೇ ಮೊದಲಿನಿಂದ ಬರೆಯುತ್ತೇನೆ, ಓದಿದವರಿಗೆ ತಿಳಿಯಲಿ.

ಫೆಬ್ರವರಿಯಲ್ಲಿ ಗುರುಮೂರ್ತಿಯೇ ತನ್ನ ಕಾರಿನಲ್ಲಿ ನನ್ನ ಲೇತ್ ಶೆಡ್ಡಿಗೆ ಬಂದ. ದಾವಣಗೆರೆ ಪಕ್ಕದ ಶಾಮನೂರಿನಿಂದ ಹರಿಹರಕ್ಕೆ, ನಮ್ಮ ಕೇರಿಗೆ, ಚರಂಡಿ ದಾಟಿಕೊಂಡು. ಕೈಯಲ್ಲಿ ಪರದೇಶದಿಂದ ತರಿಸಿದ ಒಂದು ಡೈ. ಹೆಬ್ಬೆರಳು ಗಾತ್ರದ ಉಕ್ಕಿನ ಕೊಳವೆ. ಹೊಡೆದ ತೋಟಾದ ಹಿತ್ತಾಳೆಯ ಬಾಯಿ ಶಾಖಕ್ಕೆ ಸಡಿಲವಾಗುತ್ತದೆ. ಆ ಖಾಲಿ ತೋಟಾವನ್ನು ಈ ಡೈಯೊಳಗೆ ಒತ್ತಿದರೆ ಅದರ ಕುತ್ತಿಗೆ ಮಾತ್ರ ಬಿಗಿಯಾಗಿ, ಹೊಸ ಗುಂಡನ್ನು ಹಿಡಿಯುವಷ್ಟು ಆಗುತ್ತದೆ. ಕ್ಲಬ್ಬಿಗೆ ಇದಕ್ಕೆಲ್ಲ ಪರವಾನಗಿ ಇದೆ. ತೊಂದರೆ ಏನೆಂದರೆ ಆ ಡೈ ಬೇರೆ ತೋಟಾದ್ದು. ಕ್ಲಬ್ಬಿಗೆ ಬಂದ ಎರಡು ಹೊಸ ರೈಫಲ್ಲಿನ ತೋಟಾ ಅದರ ದಾಯಾದಿ, ಮೈಯೆಲ್ಲ ಒಂದೇ ತರಹ, ಕುತ್ತಿಗೆ ಮಾತ್ರ ದಪ್ಪ. ಹೊಸ ಡೈ ತರಿಸಲು ಆರು ತಿಂಗಳು ಕಾಯಬೇಕಿತ್ತು. "ಮೈಲಪ್ಪಾ, ಕಾರ್ಖಾನೆ ಟೂಲ್ ರೂಮಿನಾಗ ಮೂವತ್ತು ವರ್ಷ ಇದ್ದಾವ ನೀನು. ನಿನ್ನ ಕೈಲಿ ಆಗದ್ದು ಐತೇನು?" ಎಂದ. ಕಾಗದ ಕೊಡ್ರಿ, ಕೆಲಸ ಮಾಡುತ್ತೇನೆ ಎಂದೆ. "ಖಾಲಿ ಹಿತ್ತಾಳೆಗೆ ಎಂಥ ಕಾಗದನೋ ಮಾರಾಯ! ನನ್ನ ಮಾತು ಸಾಲಲ್ಲೇನು?"

ಸಾಲದು ಎನ್ನಬೇಕಿತ್ತು. ಯೂನಿಯನ್ನಿನಲ್ಲಿ ಇದ್ದಷ್ಟು ವರ್ಷ ಮ್ಯಾನೇಜ್‌ಮೆಂಟಿನ ಎದುರು ನಡಾವಳಿ ಬರೆಸದೆ ಕುರ್ಚಿಯಿಂದ ಎದ್ದವನಲ್ಲ ನಾನು. ಅಂಥವನು ಗುರುಮೂರ್ತಿಯ ಬಾಯಿಮಾತಿಗೆ ತಲೆ ಆಡಿಸಿದೆ. ಯಾಕೆ ಗೊತ್ತೇ? ಎರಡು ಹೊಸ ರೈಫಲ್ಲಿನಲ್ಲಿ ಒಂದನ್ನು ನಿನಗೆ ಕೊಟ್ಟಿದ್ದರು. ಇನ್ನೊಂದು ಗುರುಮೂರ್ತಿಯ ಅಕ್ಕನ ಮಗನಿಗೆ. ನಮ್ಮ ಕೇರಿಯ ಹುಡುಗಿ ಆ ಗೆರೆಯ ಮೇಲೆ ಎದೆ ಊರಿ ಮಲಗಿ ಮುನ್ನೂರು ಮೀಟರ್ ಆಚೆಯ ಕಪ್ಪು ಚುಕ್ಕೆಗೆ ಹೊಡೆಯುತ್ತಾಳೆ ಎಂದರೆ, ನಾನು ಆ ಡೈಯನ್ನು ಹಲ್ಲಿನಿಂದ ಬೇಕಾದರೂ ಕೊರೆದುಕೊಡುತ್ತಿದ್ದೆ. ಕೊರೆದೆ. ಕುತ್ತಿಗೆಯ ಜಾಗವನ್ನು ಅಗಲ ಮಾಡಿ, ಒಳಗೆ ಬುಷ್, ಎಂದರೆ ಉಕ್ಕಿನ ಸಣ್ಣ ಬಳೆ, ಕೂರಿಸಿದೆ. ಒಂದಲ್ಲ, ಕೂದಲೆಳೆ ಕೂದಲೆಳೆ ವ್ಯತ್ಯಾಸದ ನಾಲ್ಕು ಬುಷ್. ಯಾವುದು ಬೇಕೋ ಅದನ್ನು ಹಾಕಿಕೊಂಡರೆ ಹಳೇ ತೋಟಾಕ್ಕೂ ಸೈ, ಹೊಸ ತೋಟಾಕ್ಕೂ ಸೈ. ಹದ ಹಿಡಿಸಿ, ಉಜ್ಜಿ, ಕನ್ನಡಿ ಮಾಡಿ ಕೊಟ್ಟೆ. ಆ ನಾಲ್ಕು ಕೈಗೆ ಬರುವ ಮುಂಚೆ ಮೂರು ಬುಷ್ ಕೆಟ್ಟವು, ಎಸೆದೆ. ನೀನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾ "ಅಪ್ಪಾ, ಸಾಕು ಬಿಡು, ಇನ್ನೆಷ್ಟು ಉಜ್ಜುತಿ" ಎನ್ನುತ್ತಿದ್ದೆ.

ಅದನ್ನು ಕೊಡಲು ಕ್ಲಬ್ಬಿಗೆ ಹೋದ ದಿನದ್ದನ್ನು ನಿನಗೆ ನಾನು ಹೇಳಿರಲಿಲ್ಲ. ಈಗ ಹೇಳುತ್ತೇನೆ. ಡೈಯನ್ನು ಒಂದು ಕೆಂಪು ಮಖಮಲ್ ಬಟ್ಟೆಯಲ್ಲಿ ಸುತ್ತಿ ಒಳಗೆ ತೆಗೆದುಕೊಂಡು ಹೋದರು. ಒಳಗಿದ್ದವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರು, ಭೇಷ್ ಎಂದರು, ನನಗೆ ಕೇಳಿಸಿತು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೆ ಪಿಂಗಾಣಿ ಕಪ್ಪು, ನನಗೆ ಮೆಟ್ಟಿಲಿಗೆ ಕಾಗದದ ಕಪ್ಪು. ನನ್ನ ಬೆರಳು ಮುಟ್ಟಿದ ಉಕ್ಕು ಒಳಗೆ ಹೋಗಬಹುದು, ಬೆರಳು ಹೋಗಬಾರದು. ಆ ಚಹಾವನ್ನು ಅವರ ಗುಲಾಬಿ ಕುಂಡಕ್ಕೆ ಸುರಿದು ಬಂದೆ. ನಿನ್ನ ಮುಖ ನೋಡಿಕೊಂಡು ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪು. ಹಾಗೆ ಸುಮ್ಮನಿದ್ದ ಒಂದೊಂದು ಸಲವೂ ಅವರ ಲೆಕ್ಕದಲ್ಲಿ ನಮ್ಮ ಒಪ್ಪಿಗೆ.

ಸೆಪ್ಟೆಂಬರಿನ ಸ್ಪರ್ಧೆಗೆ ಮುಂಚೆ ಮತ್ತೆ ಅವನೇ ಬಂದ. ಎರಡೂ ರೈಫಲ್ಲಿನ ಖಾಲಿ ತೋಟಾ, ಜೊತೆಗೆ ಡೈ ತಂದು, "ನಮ್ಮ ಹುಡುಗರ ಕೈ ಒರಟು, ಈ ಸಲ ನೀನೇ ಒತ್ತಿಕೊಡು" ಎಂದ. ಒತ್ತಿಕೊಟ್ಟೆ. ಬರೀ ಖಾಲಿ ಹಿತ್ತಾಳೆ. ಮದ್ದು ತುಂಬಿದ್ದು, ಗುಂಡು ಕೂರಿಸಿದ್ದು ಕ್ಲಬ್ಬಿನ ಬೀಗದ ಕೋಣೆಯಲ್ಲಿ, ಕ್ಲಬ್ಬಿನ ಮನುಷ್ಯನ ಕೈಯಲ್ಲಿ, ಕ್ಲಬ್ಬಿನ ಪುಸ್ತಕದಲ್ಲಿ ಬರೆದು. ಈಗ ಹೇಳು, ಕ್ಲಬ್ಬಿನ ಗಮನಕ್ಕೆ ತಾರದೆ ಎಂದರೇನು? ಆ ಗಮನ ಎಲ್ಲಿಗೆ ಹೋಗಿತ್ತು, ಬೀಗ ತೆಗೆಯುವಾಗ?

ಆಮೇಲಿನದು ನಿನ್ನ ಮೈಮೇಲೇ ನಡೆದದ್ದು. ಕೊಂಡಜ್ಜಿಯ ಗುಡ್ಡದ ಕೆಳಗೆ ಆ ಭಾನುವಾರ ನಾನು ಹಗ್ಗದ ಆಚೆ ನಿಂತಿದ್ದೆ. ಆರು ಗುಂಡು ನೀನು ಹೊಡೆದದ್ದು ಎಂಥ ಚೆಂದ! ಏಳನೆಯದಕ್ಕೆ, ತೋಟಾವನ್ನು ಒಳಗೆ ದೂಡುವ ಬೋಲ್ಟು ಮುಚ್ಚಲಿಲ್ಲ. ಅರ್ಧಕ್ಕೆ ಸಿಕ್ಕಿಕೊಂಡಿತು. ಹೊತ್ತು ಓಡುತ್ತಿತ್ತು, ನೀನು ಅಂಗೈಯಿಂದ ಒಂದು ಗುದ್ದಿದೆ, ಎರಡು ಗುದ್ದಿದೆ. ರೇಂಜಿನ ಅಧಿಕಾರಿ ಕೂಗಿ ಬಂದು ಬಂದೂಕು ಕಿತ್ತುಕೊಂಡ. ಬೆನ್ನ ಹಿಂದೆ ಯಾರೋ ಅಂದದ್ದು ನಿನಗೂ ಕೇಳಿಸಿದೆ: "ಮನೆಯಾಗ ಹುಣಸೆಹಣ್ಣು ಹಾಕಿ ತೊಳೆದ ತೋಟಾ ಅಂತೆ. ಸಾರು ಕಾಸೋದು ಬಿಟ್ಟು ಇಲ್ಲಿಗೆ ಬಂದಾರೆ." ಎಲ್ಲರೂ ನಕ್ಕರು. ಗುರುಮೂರ್ತಿಯೂ ನಕ್ಕ. ಹಿತ್ತಾಳೆಗೆ ಹುಣಸೆಹಣ್ಣಿಗಿಂತ ಒಳ್ಳೆಯದು ಏನಿದೆ? ಅವರ ದೇವರ ಮನೆಯ ದೀಪ, ಗಂಟೆ, ತಂಬಿಗೆಯನ್ನೆಲ್ಲ ಯಾವುದರಿಂದ ಬೆಳಗುತ್ತಾರೆ, ಪನ್ನೀರಿನಿಂದಲೇ? ನೀನು ಯಾರ ಮುಖವನ್ನೂ ನೋಡದೆ ಚೀಲ ಎತ್ತಿಕೊಂಡು ನಡೆದೆ. ಮನೆಗೆ ಬಂದು ಒಂದೇ ಮಾತು ಅಂದೆ, "ಡೈ ಕೈ ಕೊಡ್ತಪ್ಪಾ". ಮಾರನೆಯ ದಿನ ಹೊಸಪೇಟೆ ಬಸ್ ಹತ್ತಿದವಳು ದೀಪಾವಳಿಗೂ ಬರಲಿಲ್ಲ.

ಆ ಮಾತು ನನ್ನನ್ನು ಒಂದು ತಿಂಗಳು ತಿಂದಿತು. ನನ್ನ ಡೈ ಕೈ ಕೊಟ್ಟಿತೇ? ನಿನ್ನ ರೈಫಲ್ಲಿಗೆ ಸಿಕ್ಕಿಕೊಂಡ ತೋಟಾವನ್ನು ಬಿಡಿಸಲು ಕ್ಲಬ್ಬಿನವರು ಕರೆಸಿದ್ದು ಹಯಾತ್ ಸಾಬರನ್ನು. ಟೂಲ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ನನ್ನ ಪಕ್ಕದ ಮೇಷಿನ್ನಿನಲ್ಲಿ ನಿಂತವರು. ಅವರು ಕಲಿತ ಕೈ, ಬಿಡಿಸಿದ್ದನ್ನು ಸುಮ್ಮನೆ ಎಸೆಯುವವರಲ್ಲ. ಅಳತೆ ತೆಗೆದು ಬರೆದುಕೊಂಡು ಶೆಡ್ಡಿಗೆ ಬಂದರು. "ಮೈಲಣ್ಣ, ಡೈಯಾಗ ಖೋಟ್ ಇಲ್ಲ. ಕುತ್ತಿಗೆ ಬರೋಬ್ಬರಿ ಐತೆ. ಹೊಟ್ಟೆ ದಪ್ಪ ಐತೆ. ಇದು ನಮ್ಮ ಮಗಳ ಬಂದೂಕಿನ ತೋಟಾನೇ ಅಲ್ಲ, ಭಾಯಿ." ಕೂತಲ್ಲೇ ಬೆವರಿದೆ, ಯಶೋದಾ. ತೋಟಾ ಹೊಡೆದಾಗ ಹಿತ್ತಾಳೆ ಉಬ್ಬಿ, ಆ ಬಂದೂಕಿನ ಒಳಮೈ ಹೇಗಿದೆಯೋ ಹಾಗೇ ಆಗುತ್ತದೆ. ನಾವು ಒತ್ತುವುದು ಕುತ್ತಿಗೆಯನ್ನು ಮಾತ್ರ, ಹೊಟ್ಟೆಯನ್ನು ಮುಟ್ಟುವುದಿಲ್ಲ. ಆದ್ದರಿಂದ ಅದು ತನ್ನ ಬಂದೂಕಿಗೆ ಮಾತ್ರ ತಿರುಗಿ ಸಲೀಸಾಗಿ ಹೋಗುತ್ತದೆ. ನಿನ್ನ ರೈಫಲ್ಲಿನ ಒಳಮೈ ಬಿಗಿ, ಅಧ್ಯಕ್ಷರ ಸೋದರಳಿಯನದು ಸಡಿಲ. ನಿನ್ನ ತೋಟಾ ಅವನಿಗೆ ಆಗುತ್ತದೆ, ಅವನದು ನಿನಗೆ ಆಗುವುದಿಲ್ಲ. ಅವನು ಹೊಡೆದ ತೋಟಾ ನಿನ್ನ ಡಬ್ಬಿಗೆ ಬಂದಿತ್ತು.

ಯಾರು ಹಾಕಿದರು ಎಂದು ನೀನು ಹಲ್ಲು ಕಡಿಯುವ ಮುಂಚೆ ಹೇಳಿಬಿಡುತ್ತೇನೆ. ನಾನು. ಇನ್ನೊಂದು ಸಲ ಓದು: ನಾನು. ಎರಡು ರೈಫಲ್ಲಿನ ತೋಟಾ ಎರಡು ಚೀಲದಲ್ಲಿ ಬಂದಿದ್ದವು. ಎರಡನ್ನೂ ಬಿಚ್ಚಿ ನಿಮ್ಮವ್ವನ ದೊಡ್ಡ ಬೋಗುಣಿಗೆ ಸುರಿದೆ. ಅವಳು ತೊಳೆದು ಹೊಳಪು ಬರಿಸಿದಳು, ನಾನು ಒಂದೊಂದನ್ನೂ ಒತ್ತಿ, ಕುತ್ತಿಗೆಗೆ ಅಳತೆಯ ಗೇಜು ಹಾಕಿ ನೋಡಿ, ಸರಿಯಾದ ಅಷ್ಟನ್ನೂ ಎರಡು ಪಾಲು ಮಾಡಿ ಚೀಲಕ್ಕೆ ತುಂಬಿದೆ. ಮೂವತ್ತು ವರ್ಷ ಕಾರ್ಖಾನೆ ನನಗೆ ಕಲಿಸಿದ್ದು ಅದೊಂದೇ. ಗೇಜಿಗೆ ಸರಿಹೋದ ಮಾಲೆಲ್ಲ ಒಂದೇ, ಯಾವ ನಟ್ಟು ಯಾವ ಬೋಲ್ಟಿಗಾದರೂ ಕೂರಬೇಕು, ಕೂರದಿದ್ದರೆ ಮಾಡಿದವನು ಕತ್ತೆ. ಬೇರೆ ಯಾವ ಕಸುಬಿನವನೂ ಈ ತಪ್ಪು ಮಾಡುತ್ತಿರಲಿಲ್ಲ. ಚಮ್ಮಾರನಿಗೆ ಗೊತ್ತು, ತೊಟ್ಟು ಹಳತಾದ ಕೆರ ಇನ್ನೊಬ್ಬನ ಕಾಲಿಗೆ ಆಗುವುದಿಲ್ಲ. ಆ ಕಸುಬು ನಿಮ್ಮಜ್ಜನದು, ಅದನ್ನು ಬಿಟ್ಟು ಟೂಲ್ ರೂಮಿಗೆ ಬಂದೆ ಎಂದು ಎದೆ ಉಬ್ಬಿಸಿಕೊಂಡು ತಿರುಗಿದವನು ನಾನು. ಇದರಲ್ಲಿ ತತ್ವ ಹುಡುಕಬೇಡ. ಸಭೆಯಲ್ಲಿ ಹೇಳಿದರೆ ಚಪ್ಪಾಳೆ ಬೀಳಬಹುದು. ಆದರೆ ಇದು ತತ್ವವಲ್ಲ, ಶುದ್ಧ ಗೈರುಹುಷಾರಿ.

ಇನ್ನು ಅವರ ಸಂಗತಿ ಕೇಳು. ಹಯಾತ್ ಸಾಬರು ಆ ಅಳತೆಯನ್ನು ಮೊದಲು ತೋರಿಸಿದ್ದು ಗುರುಮೂರ್ತಿಗೆ. ತೋಟಾ ಅದಲುಬದಲಾಗಿದೆ, ಹುಡುಗಿಯದಾಗಲಿ ಡೈಯದಾಗಲಿ ತಪ್ಪಿಲ್ಲ ಎಂದು ಬಾಯಿಬಿಟ್ಟು ಹೇಳಿ ಬಂದಿದ್ದರು. ಅಂದರೆ ಅವನಿಗೆ ಗೊತ್ತಿದೆ! ಗೊತ್ತಿದ್ದೂ ಆ ಕಾಗದ ಟೈಪು ಮಾಡಿಸಿದ್ದಾನೆ. ಮದ್ದು ತುಂಬುವ ಮುಂಚೆ ಯಾವ ತೋಟಾ ಯಾವ ರೈಫಲ್ಲಿನದು ಎಂದು ನೋಡಬೇಕಾದದ್ದು ಕ್ಲಬ್ಬು, ನೋಡಿಲ್ಲ. ಅದು ಹೊರಗೆ ಬಂದರೆ ಕ್ಲಬ್ಬಿನ ಪರವಾನಗಿಗೆ ಕುತ್ತು. ಅದಕ್ಕೆ ಬೇಕು ಒಂದು ತಲೆ. ನಿನ್ನ ತಲೆ ಸುಲಭಕ್ಕೆ ಸಿಕ್ಕಿತು. ಇನ್ನೂ ಒಂದಿದೆ. ಹೋದ ವಾರ ತೋಟಾ ಒತ್ತುವ ಪ್ರೆಸ್ಸಿನ ಹಿಡಿ ಸಡಿಲವಾಗಿದೆ ಎಂದು ಹಯಾತ್ ಸಾಬರನ್ನು ಮತ್ತೆ ಕರೆಸಿದ್ದಾರೆ. ಪ್ರೆಸ್ಸಿನಲ್ಲಿ ಏನು ಕೂತಿತ್ತು? ನನ್ನ ಡೈ! ಯಾವುದನ್ನು ಅನಧಿಕೃತ ಎಂದು ಬರೆದು ನಿನ್ನ ಸಹಿ ಕೇಳಿದ್ದಾರೋ, ಅದೇ ಡೈಯಲ್ಲಿ ಅಧ್ಯಕ್ಷರ ಸೋದರಳಿಯನ ತೋಟಾ ಒತ್ತುತ್ತಾ ಕೂತಿದ್ದಾರೆ, ಅವನು ಬೆಂಗಳೂರಿಗೆ ಹೋಗಲು. ಡೈ ಬೇಕು, ಮಾಡಿದವನು ಬೇಡ. ನಿನ್ನ ಜಾಗ ಬೇಕು, ನೀನು ಬೇಡ. ಇದನ್ನು ಕೇಳಿ ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಗೋಡೆಗೆ ಹೋಯಿತು. ಗೋಡೆಗೆ ಬಿದ್ದ ತೂತಿನಿಂದ ಪಕ್ಕದ ಮನೆಯ ಜೈನಾಬಿ ಇಣುಕಿ "ಏನಾತಣ್ಣ, ಭೂಕಂಪಾನಾ?" ಎಂದಳು.

ಅಪ್ಪನನ್ನು ಉಳಿಸುತ್ತೇನೆ ಎಂದು ಹೊರಟಿದ್ದೀಯಲ್ಲ, ನಿನಗೆ ಒಂದು ಹಳೆಯ ಸುದ್ದಿ. ನೀನು ಹುಟ್ಟುವ ಮುಂಚೆ ಕಾರ್ಖಾನೆಯಲ್ಲಿ ಮುಷ್ಕರ ನಡೆದು ಗೇಟು ಮುಚ್ಚಿದಾಗ, ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಿದವರನ್ನು ಮಾತ್ರ ಒಳಗೆ ಬಿಡುತ್ತೇವೆ ಎಂದರು. ಇನ್ನು ಮುಂದೆ ಗಲಾಟೆ ಮಾಡುವುದಿಲ್ಲ, ಈವರೆಗೆ ಮಾಡಿದ್ದು ನನ್ನ ತಪ್ಪು, ಎರಡೇ ಸಾಲು. ನಾನೂ ಹಯಾತ್ ಸಾಬರೂ ಹಾಕಲಿಲ್ಲ. ಏಳು ತಿಂಗಳು ಹೊರಗಿದ್ದೆವು. ನಿಮ್ಮವ್ವ ಲೋಕಿಕೆರೆಗೆ ನಾಟಿ ಕೆಲಸಕ್ಕೆ ಹೋದಳು, ಸೊಂಟ ಹಿಡಿದುಕೊಂಡು ಬರುತ್ತಿದ್ದಳು, ಒಂದು ದಿನವೂ ಸಹಿ ಹಾಕಿ ಹೋಗ್ರಿ ಎನ್ನಲಿಲ್ಲ. ಕೊನೆಗೆ ಮುಚ್ಚಳಿಕೆ ಇಲ್ಲದೆಯೇ ಗೇಟು ತೆರೆಯಿತು. ಆ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದವಳು ನೀನು. ನಿಮ್ಮಜ್ಜ ಕಂಡಕಂಡಲ್ಲಿ ಹೆಬ್ಬೆಟ್ಟು ಒತ್ತಿದ್ದ, ಓದಲು ಬರುತ್ತಿರಲಿಲ್ಲ. ನಿನಗೆ ಓದಲು ಬರುತ್ತದೆ, ಎರಡು ಡಿಗ್ರಿ ಇವೆ. ಓದಿ, ಅರ್ಥಮಾಡಿಕೊಂಡು, ಸುಳ್ಳು ಎಂದು ಗೊತ್ತಿದ್ದೂ ಸಹಿ ಹಾಕುತ್ತೀಯಾದರೆ ಆ ಹೆಬ್ಬೆಟ್ಟೇ ವಾಸಿಯಾಗಿತ್ತು.

ನನ್ನ ತೀರ್ಮಾನ ಇಷ್ಟು. ತಪ್ಪು ನನ್ನದು, ಸುಳ್ಳು ಅವರದು. ಎರಡನ್ನೂ ನಿನ್ನ ಹೆಸರಿಗೆ ಬರೆಸಿಕೊಳ್ಳಬೇಡ. ನನ್ನ ತಪ್ಪನ್ನು ನಾನು ಹೇಳಿಕೊಳ್ಳುತ್ತೇನೆ, ಅದಕ್ಕೆ ಏನು ಬರುತ್ತದೋ ಬರಲಿ. ಪರವಾನಗಿ ಇಲ್ಲದ ಶೆಡ್ಡಿನಲ್ಲಿ ಖಾಲಿ ತೋಟಾ ಒತ್ತಿದ್ದು ಅಪರಾಧವಾಗಿದ್ದರೆ ಆಗಲಿ, ಆದರೆ ತಂದುಕೊಟ್ಟವನ ಹೆಸರೂ ಅದೇ ಹಾಳೆಯಲ್ಲಿ ಬರಬೇಕು. ಆಯ್ಕೆಯ ದಿನ ರಾಜ್ಯ ಸಂಘದವರೇ ರೈಫಲ್ಲನ್ನೂ ಹೊಸ ತೋಟಾಗಳನ್ನೂ ಕೊಡುತ್ತಾರಂತೆ, ಹಯಾತ್ ಸಾಬರು ವಿಚಾರಿಸಿದ್ದಾರೆ. ಕೈಗೆ ಹೊಸ ಬಂದೂಕು, ಕಷ್ಟವಾಗುತ್ತದೆ, ಗೊತ್ತು. ಹತ್ತು ಗುಂಡಿನಲ್ಲಿ ಅದರ ಬುದ್ಧಿ ತಿಳಿಯುತ್ತದೆ ನಿನಗೆ.

ನಿಮ್ಮವ್ವ ಶೇಂಗಾ ಚಟ್ನಿಪುಡಿ ಕಟ್ಟಿದ್ದಾಳೆ, ಖಾರ ಕಮ್ಮಿ ಮಾಡಿದ್ದಾಳಂತೆ, ನಂಬಬೇಡ. ಆಣೆ ಮುರಿದದ್ದಕ್ಕೆ ಅವಳ ಮೇಲೆ ಸಿಟ್ಟಾಗಬೇಡ. ಹಯಾತ್ ಸಾಬರು ಸಲಾಂ ಹೇಳಿದ್ದಾರೆ. ನಿನ್ನ ಕೈ ನಡುಗದಿರಲಿ, ಉಸಿರು ಹಿಡಿತದಲ್ಲಿರಲಿ, ಯಾರ ಎದುರಿಗೂ ನಿನ್ನ ಕಣ್ಣು ಕೆಳಗಾಗದಿರಲಿ.

ನಿಮ್ಮಪ್ಪ,
ಮೈಲಪ್ಪ

ತಾ.ಕ. — ಇವತ್ತು ಶುಕ್ರವಾರ. ಹೊಸಪೇಟೆ ಬಸ್ಸಿನ ಕಂಡಕ್ಟರ್ ಜಂಬಯ್ಯನ ಕೈಯಲ್ಲಿ ಕೊಡುತ್ತಿದ್ದೇನೆ, ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನಿನ್ನೆಯೇ ದಾವಣಗೆರೆಗೆ ಹೋಗಿ ನನ್ನ ಹೇಳಿಕೆ ಬರೆದು ಕೊಟ್ಟುಬಂದೆ. ಕ್ಲಬ್ಬಿನಲ್ಲಿ ತೆಗೆದುಕೊಳ್ಳಲಿಲ್ಲ, ಡಿ.ಸಿ. ಕಚೇರಿಯಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆ, ರಾಜ್ಯ ಸಂಘಕ್ಕೆ ರಿಜಿಸ್ಟರ್ ಪೋಸ್ಟು ಮಾಡಿದೆ. ಬೆಳಿಗ್ಗೆ ಠಾಣೆಯಿಂದ ಫೋನ್ ಬಂತು, ಹದಿನಾರನೇ ತಾರೀಖು ಹತ್ತು ಗಂಟೆಗೆ ಬಾ ಎಂದರು. ಅದೇ ದಿನ ನಿನ್ನ ಆಯ್ಕೆ. ನೀನು ಇಲ್ಲಿಗೆ ಬರಬೇಡ, ಬಂದರೆ ನಾನು ಮಾತಾಡಿಸುವುದಿಲ್ಲ. ಹಯಾತ್ ಸಾಬರು ನನ್ನ ಜೊತೆ ಬರುತ್ತಾರೆ. ಇನ್ನೊಂದು. ಮೇಲೆ ಅಷ್ಟೆಲ್ಲ ಬರೆದೆ, ಇದೊಂದನ್ನು ಬರೆಯಲು ಕೈ ಬರಲಿಲ್ಲ. ಚೀಲ ಬಿಚ್ಚುವಾಗ ನೀನು "ನಂದು ಬ್ಯಾರೆ ಇಡಪ್ಪಾ, ಅವು ಕೂಡಂಗಿಲ್ಲ" ಅಂದಿದ್ದೆ. ನಾನು ನಕ್ಕೆ. ಮೂವತ್ತು ವರ್ಷದ ಕೈಗೆ ಮೊನ್ನೆ ಬಂದವಳು ಪಾಠ ಹೇಳುತ್ತಾಳೆ ಎಂದು ನಿಮ್ಮವ್ವನ ಎದುರು ಗೇಲಿ ಮಾಡಿದೆ. ನೀನು ಆಗಲೂ ಸುಮ್ಮನಾದೆ, ಕೊಂಡಜ್ಜಿಯಲ್ಲೂ ಸುಮ್ಮನಾದೆ, ಮನೆಗೆ ಬಂದು ತಪ್ಪನ್ನು ಡೈ ಮೇಲೆ ಹಾಕಿದೆ, ನನ್ನನ್ನು ಬಿಟ್ಟುಕೊಡಲಿಲ್ಲ. ಹೇಳಿಕೆಯ ಮೊದಲನೇ ಸಾಲಿನಲ್ಲೇ ಅದನ್ನು ಬರೆದಿದ್ದೇನೆ: ನನ್ನ ಮಗಳು ಬೇಡ ಎಂದಿದ್ದಳು, ನಾನು ಕೇಳಲಿಲ್ಲ. ಇನ್ನು ಸೋಮವಾರ ನೀನು ಅವರ ಕಾಗದಕ್ಕೆ ಸಹಿ ಹಾಕಿದರೆ, ನಿಮ್ಮಪ್ಪ ಬರೆದುಕೊಟ್ಟದ್ದು ಸುಳ್ಳು ಎಂದು ಸಾಕ್ಷಿ ಹೇಳಿದಂತೆ. ಹಾಕು, ನೋಡೋಣ.